ತುಂಬಿದ ತಟ್ಟೆ ಹಿಂದಿರುಗಿದ ರಂಜಾನ್

ಆ ದಿನಗಳಲ್ಲಿ ದುಬೈಯ ನೈಫ್‌ನ ಕಟ್ಟಡಗಳಲ್ಲಿ ಕುಟುಂಬಗಳು ವಾಸಿಸುತ್ತಿದ್ದವು. ಈಗ ಆ ಕೋಣೆಗಳಲ್ಲಿ ಒಂಟಿ ಕೆಲಸಗಾರರ ಒಂದರ ಮೇಲೊಂದು ಮಂಚಗಳಿವೆ ಎಂದು ಕೇಳಿದ್ದೇನೆ. ನನ್ನ ಬಾಲ್ಯದ ನೈಫ್ ಎಂದರೆ ಕೆಳಗಿನ ಅಂಗಡಿಗಳಲ್ಲಿ ಬಿಚ್ಚಿದ ಹೊಸ ಬಟ್ಟೆಯ ವಾಸನೆ, ಮೆಟ್ಟಿಲುಗಳಲ್ಲಿ ಮೀನು ಹುರಿಯುವ ವಾಸನೆ, ತಾರಸಿಯಲ್ಲಿ ಡಿಶ್ ಆಂಟೆನಾಗಳ ನಡುವೆ ನಮಗೆ ಉಳಿದ ಒಂದಿಷ್ಟು ಆಟದ ಜಾಗ. ಗಲ್ಫಿನಲ್ಲಿ ಬೆಳೆದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾವು ಮೂರನೆಯ ಮಹಡಿಯ ಫ್ಲಾಟೊಂದನ್ನು ಹಮೀದಾಕ ಎಂದು ನಾವು ಕರೆಯುತ್ತಿದ್ದ ಹಮೀದಣ್ಣನವರ ಕುಟುಂಬದೊಂದಿಗೆ ಹಂಚಿಕೊಂಡಿದ್ದೆವು. ಅವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನಾವು ಕಾಪುವಿನ ಕಡೆಯ ತುಳುವರು. ಅವರಿಗೊಂದು ಕೋಣೆ, ನಮಗೊಂದು ಕೋಣೆ, ನಡುವೆ ಒಂದೇ ಅಡುಗೆಮನೆ. ಮನೆಯ ಬಾಡಿಗೆ ಪತ್ರ ಹಮೀದಾಕರ ಹೆಸರಿನಲ್ಲಿತ್ತು. ಪಪ್ಪ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದವರು, ಸ್ವಂತ ಹೆಸರಿನಲ್ಲಿ ಮನೆ ಹಿಡಿಯುವಷ್ಟು ಸಂಬಳವಿಲ್ಲ. ಅಮ್ಮ ಮತ್ತು ನಾನು ದುಬೈಯಲ್ಲಿ ಉಳಿಯಬೇಕಾದರೆ ಫ್ಯಾಮಿಲಿ ವೀಸಾ ಬೇಕು, ವೀಸಾಕ್ಕೆ ಮನೆಯ ಕಾಗದ ಬೇಕು, ಆ ಕಾಗದ ಹಮೀದಾಕರ ಸ್ನೇಹದಿಂದ ನಮಗೆ ದೊರೆಯುತ್ತಿತ್ತು. ನಮ್ಮ ಇಡೀ ಸಂಸಾರ ನಿಂತಿದ್ದುದು ಆ ಒಂದು ಸ್ನೇಹದ ಮೇಲೆ. ಹನ್ನೊಂದು ವರ್ಷದ ನನಗೆ ಇದು ತಿಳಿದಿರಲಿಲ್ಲ.

ಅದು ಚಳಿಗಾಲದಲ್ಲಿ ಬಂದ ರಂಜಾನ್. ಹಮೀದಾಕರ ಮಗಳು ನಸೀಮಕ್ಕ ಹತ್ತನೆಯ ತರಗತಿಯಲ್ಲಿದ್ದಳು. ಸಂಜೆ ಮೆಟ್ಟಿಲ ಮೇಲೆ ಕುಳಿತು ಮೊದಲ ಮಹಾಯುದ್ಧದ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕ ಹಿಡಿದು ತಪ್ಪು ಹುಡುಕುವ ಕೆಲಸ ನನ್ನದು. (ನಮ್ಮ ಮಾತು ತುಳು ಮತ್ತು ಬ್ಯಾರಿ ಭಾಷೆಗಳಲ್ಲಿ ಬೆರೆತು ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದರು. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಬೆನ್ನಿಗೆ ಫ್ರಾನ್ಸ್. ಜರ್ಮನಿ ಬೆಲ್ಜಿಯಂಗೆ ನುಗ್ಗಿತು, ಬ್ರಿಟನ್ ಬಂತು. ಸರಿ ಉಂಟಾ?"

"ಸರಿ ಉಂಟು. ಆದರೆ ಅಕ್ಕಾ, ಇಬ್ಬರ ಜಗಳಕ್ಕೆ ಇವರೆಲ್ಲ ಎಂತಕ್ಕೆ ಬಂದದ್ದು?"

"ಒಪ್ಪಂದ ಮಾಡಿದ್ರಲ್ಲ ಮಾರಾಯ್ತಿ! ಸಹಿ ಹಾಕಿದ ಮೇಲೆ ಬರದಿದ್ರೆ ಮರ್ಯಾದೆ ಹೋಗ್ತದೆ. ಪ್ರಶ್ನೆ ಕೇಳ್ಬೇಡ, ಪುಸ್ತಕ ನೋಡು."

ಒಪ್ಪಂದ ಎಂಬ ಪದ ನನ್ನನ್ನು ಹಿಡಿದುಬಿಟ್ಟಿತು. ಮರುದಿನವೇ ರಫ್ ನೋಟ್‌ಬುಕ್ಕಿನ ಹಾಳೆ ಹರಿದು ಒಪ್ಪಂದಗಳನ್ನು ಬರೆಯತೊಡಗಿದೆ. ಮೊದಲನೆಯದು ನಸೀಮಕ್ಕನ ತಮ್ಮ, ನನ್ನದೇ ವಯಸ್ಸಿನ ಅಶ್ರಫ್‌ನೊಂದಿಗೆ: ನಾವಿಬ್ಬರೂ ಒಂದೇ ಮನೆಯವರಾದ್ದರಿಂದ ಎಂದಿಗೂ ಜಗಳವಾಡತಕ್ಕದ್ದಲ್ಲ. ಎರಡನೆಯದು ನಾಲ್ಕನೆಯ ಮಹಡಿಯ ಸನಾಳೊಂದಿಗೆ. ಅವಳ ತಂದೆ ಪೇಶಾವರದವರು, ಟ್ಯಾಕ್ಸಿ ಓಡಿಸುತ್ತಿದ್ದರು. ಅವಳೊಂದಿಗೆ ನಮ್ಮ ಮಾತೆಲ್ಲ ಹಿಂದಿಯಲ್ಲಿ. ಇದು ರಹಸ್ಯ ಒಪ್ಪಂದ: ಸನಾಳ ಶತ್ರುವಿನೊಂದಿಗೆ ನಾನು ಮಾತನಾಡತಕ್ಕದ್ದಲ್ಲ, ಶತ್ರುವಿನ ಮನೆಯ ಏನನ್ನೂ ತಿನ್ನತಕ್ಕದ್ದಲ್ಲ. ಸನಾ ಕೆಂಪು ಶಾಯಿಯಲ್ಲಿ ಸಹಿ ಹಾಕಿದಳು.

ಒಂದು ವಾರದೊಳಗೆ ಯುದ್ಧ ಬಂತು. ಬ್ಯಾಡ್ಮಿಂಟನ್ ಆಡುವಾಗ ಶಟಲ್ ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ತಕರಾರು.

"ಔಟ್!" ಎಂದಳು ಸನಾ.

"ನಿನ್ನ ಕಣ್ಣು ಔಟ್," ಎಂದು ಅಶ್ರಫ್ ಆ ಶಟಲ್ಲನ್ನು ಕಾಲಿನಿಂದ ಹೊಸಕಿಹಾಕಿದ. "ಖಲಾಸ್! ಈಗ ಆಡು."

ಸನಾ ಅಳಲಿಲ್ಲ. ನೇರವಾಗಿ ನನ್ನ ಕಡೆ ತಿರುಗಿ, "ನೀನು ಸಹಿ ಹಾಕಿದ್ದೀ," ಎಂದಳು.

ಎರಡು ಒಪ್ಪಂದಗಳಲ್ಲಿ ಒಂದನ್ನು ಮುರಿಯಲೇಬೇಕಾಗಿತ್ತು. ಆಗಲೂ ನನಗೆ ನಿಯಮಕ್ಕೆ ತಪ್ಪುವುದೆಂದರೆ ಭಯ. ಕೆಂಪು ಶಾಯಿಯದು ಹೆಚ್ಚು ಗಟ್ಟಿ ಎಂದು ತೀರ್ಮಾನಿಸಿದೆ.

ಆ ಸಂಜೆಯನ್ನು ಹೇಳುವ ಮೊದಲು ನಮ್ಮ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಉಪವಾಸ ಬಿಡುವ ಹೊತ್ತಿಗೆ ಅಶ್ರಫ್‌ನ ತಾಯಿ ಖತೀಜಕ್ಕ ನಮಗೊಂದು ತಟ್ಟೆ ಕೊಡುತ್ತಿದ್ದರು: ಮೆಂತೆ ಗಂಜಿಯ ಬಟ್ಟಲು, ಎರಡು ಸಮೋಸ, ಖರ್ಜೂರ, ಕಲ್ಲಂಗಡಿಯ ಹೋಳುಗಳು. ಆ ತಟ್ಟೆಯನ್ನು ಅಮ್ಮ ಬರಿದಾಗಿ ಹಿಂದಿರುಗಿಸುತ್ತಿರಲಿಲ್ಲ. ಗೋಳಿಬಜೆಯೋ ನೀರುದೋಸೆಯೋ ತುಂಬಿಸಿಯೇ ಕೊಡುತ್ತಿದ್ದರು. ತಿಂಗಳು ಪೂರ್ತಿ ಒಂದೇ ತಟ್ಟೆ ಎರಡು ಕೋಣೆಗಳ ನಡುವೆ ಓಡಾಡುತ್ತಿತ್ತು.

ಅಂದು ಅಮ್ಮ ಸ್ನಾನಕ್ಕೆ ಹೋಗಿದ್ದರು. ಖತೀಜಕ್ಕ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಬಿಸಿ ಉಂಟು ಮಗಾ, ಜಾಗ್ರತೆ," ಎಂದು ಹೋದರು. ಗಂಜಿಯ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಆದರೂ ಶತ್ರುವಿನ ಮನೆಯ ತಿನಿಸು! ಸ್ವಲ್ಪ ಹೊತ್ತು ಕಾದು, ತಟ್ಟೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಅವರ ಕಡೆಯ ಕಟ್ಟೆಯ ಮೇಲೆ ಇಟ್ಟೆ. ಗಂಜಿಯ ಮೇಲೆ ಆಗಲೇ ಕೆನೆ ಕಟ್ಟಿತ್ತು.

ಖತೀಜಕ್ಕ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. "ಎಂತ ಮಗಾ? ಅಮ್ಮ ಬೇಡ ಹೇಳಿದ್ರಾ?"

ನಿಜ ಹೇಳಿದರೆ ರಹಸ್ಯ ಒಪ್ಪಂದ ಬಯಲಾಗುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಅಮ್ಮ ಕೂದಲು ಒರೆಸುತ್ತಾ ಬಂದು, "ಇವತ್ತು ಖತೀಜಕ್ಕ ತಟ್ಟೆ ಕೊಡ್ಲಿಲ್ವಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಅದೇ ವಾರ ಊರಿನಿಂದ ಬಂದ ಫೋನಿನಲ್ಲಿ ಯಾವುದೋ ಪೇಟೆಯಲ್ಲಿ ಎರಡು ಕೋಮುಗಳ ನಡುವೆ ಕಲ್ಲು ತೂರಾಟವಾದ ಸುದ್ದಿ ಇತ್ತು. ಅದರ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತನಾಡಿರಲಿಲ್ಲ; ಆದರೆ ಎರಡೂ ಕೋಣೆಗಳಲ್ಲಿ ಆ ಸುದ್ದಿ ಇತ್ತು. ಇವರು ಈಗ ನಮ್ಮ ಕೈಯಿಂದ ತಿನ್ನುವುದಿಲ್ಲವಂತೆ ಎಂದು ಖತೀಜಕ್ಕ ತಿಳಿದರು. ಇವರಿಗೆ ಈಗ ನಾವು ಬೇಡವಾದೆವು ಎಂದು ಅಮ್ಮ ತಿಳಿದರು. ಮರುದಿನ ತಟ್ಟೆ ಬರಲಿಲ್ಲ, ಗೋಳಿಬಜೆ ಹೋಗಲಿಲ್ಲ. ಇಬ್ಬರೂ ಇನ್ನೊಬ್ಬರು ಮೊದಲು ಮಾತನಾಡಲಿ ಎಂದು ಕಾದರು.

ನಸೀಮಕ್ಕ ಮೆಟ್ಟಿಲ ಮೇಲೆ ಪಾಠದ ಎರಡನೆಯ ಭಾಗಕ್ಕೆ ಬಂದಿದ್ದಳು: ಸೈನಿಕರು ವರ್ಷಗಟ್ಟಲೆ ಕಂದಕಗಳಲ್ಲಿ ಕುಳಿತರು, ಕೆಲವು ಗಜ ನೆಲಕ್ಕಾಗಿ ಸಾವಿರಾರು ಜನ ಸತ್ತರು. ಒಳಗೆ ಅಡುಗೆಮನೆಯಲ್ಲಿ ಖತೀಜಕ್ಕನ ಒಲೆ, ಅಮ್ಮನ ಒಲೆ ಎಂದು ಬೇರೆಯಾಗಿತ್ತು. ಫ್ರಿಜ್ಜಿನ ಮಧ್ಯದ ಹಲಗೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಮತ್ತು ಅಶ್ರಫ್‌ನ ನಡುವಿನ ಯುದ್ಧ ಮೂರೇ ದಿನಗಳಲ್ಲಿ ಮುಗಿದಿತ್ತು. ಸನಾಳಿಗೆ ಹೊಸ ಶಟಲ್ ಸಿಕ್ಕಿತು, ನಾವು ಮತ್ತೆ ಆಡತೊಡಗಿದೆವು. ದೊಡ್ಡವರದು ಮುಗಿಯಲಿಲ್ಲ.

ಹಬ್ಬದ ಮರುದಿನ ಹಮೀದಾಕ ಪಪ್ಪನನ್ನು ಕರೆದರು. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಂಡೆ.

"ಸದಾಶಿವಣ್ಣಾ, ಬರುವ ತಿಂಗಳು ಕಾಗದ ಹೊಸದು ಮಾಡ್ಬೇಕು. ತಮ್ಮನ ಸಂಸಾರ ಬರ್ತದೆ. ನೀವು ಬೇರೆ ಕಡೆ ನೋಡ್ಬೇಕಾಗ್ತದೆ."

"ತಮ್ಮನ ಸಂಸಾರವಾ? ಇಷ್ಟು ದಿನ ಹೇಳ್ಲಿಲ್ಲ ನೀವು?"

"ಇಷ್ಟು ದಿನ ಬೇರೆ ಇತ್ತು."

ಪಪ್ಪ ಕೋಣೆಗೆ ಬಂದು ಬಹಳ ಹೊತ್ತು ಅಂಗಿಯ ಗುಂಡಿ ಹಾಕುತ್ತಾ, ಬಿಚ್ಚುತ್ತಾ ಕುಳಿತರು. ಅಮ್ಮನಿಗೆ, "ಮನೆ ಸಿಗದಿದ್ರೆ ನೀವಿಬ್ರು ಊರಿಗೆ," ಎಂದಷ್ಟೇ ಹೇಳಿದರು. ಆಗ ನನಗೆ ಎಲ್ಲವೂ ಅರ್ಥವಾಯಿತು. ಆದರೂ ಹತ್ತು ದಿನ ಬಾಯಿ ಬಿಡಲಿಲ್ಲ. ಪಪ್ಪ ಕೆಲಸ ಮುಗಿಸಿ ಮನೆ ಹುಡುಕಲು ಹೋಗಿ, ಬಂದು, ಚಪ್ಪಲಿ ಕಳಚುವ ಸದ್ದಿನಲ್ಲೇ ಸಿಗಲಿಲ್ಲವೆಂದು ತಿಳಿಯುತ್ತಿತ್ತು.

ಹನ್ನೊಂದನೆಯ ದಿನ ಅಮ್ಮನ ಸೆರಗು ಹಿಡಿದು ಎಲ್ಲವನ್ನೂ ಹೇಳಿದೆ. ಅಮ್ಮ ಹೊಡೆಯಲಿಲ್ಲ. ನನ್ನ ಕೈಹಿಡಿದು ನೇರ ಅಡುಗೆಮನೆಗೆ ಎಳೆದೊಯ್ದರು. ಖತೀಜಕ್ಕ ಮೀನು ಕೊಯ್ಯುತ್ತಿದ್ದರು.

"ಹೇಳು. ಅವರಿಗೂ ಹೇಳು."

ಹೇಳಿದೆ. ಖತೀಜಕ್ಕನ ಕೈಯ ಕತ್ತಿ ನಿಂತಿತು. "ಯಾ ಅಲ್ಲಾ, ಶಟಲ್ಲಿಗೆ?" ಎಂದರು. ಆಮೇಲೆ ಮೀನಿನ ಕೈಯಲ್ಲೇ ಅಮ್ಮನನ್ನು ಅಪ್ಪಿಕೊಂಡು ಇಬ್ಬರೂ ಅತ್ತರು. "ನೀನಾದ್ರೂ ಕೇಳ್ಬಹುದಿತ್ತಲ್ಲ ಸುಮತಿ." "ನೀವಾದ್ರೂ ಕೇಳ್ಬಹುದಿತ್ತಲ್ಲ ಖತೀಜಕ್ಕ."

ಎಲ್ಲವೂ ಸರಿಯಾಯಿತೆಂದು ನಾನು ನಂಬಿದೆ. ಆದರೆ ಹಮೀದಾಕ ತಮ್ಮನಿಗೆ ಮಾತು ಕೊಟ್ಟಾಗಿತ್ತು. ತಮ್ಮನ ಹೆಂಡತಿ, ಮಕ್ಕಳ ವೀಸಾ ಬಂದಾಗಿತ್ತು, ಟಿಕೆಟ್ ಆಗಿತ್ತು. "ನಾನು ಎಂತ ಮಾಡ್ಲಿ ಸದಾಶಿವಣ್ಣಾ, ಅವರು ಊರಲ್ಲಿ ಮನೆ ಖಾಲಿ ಮಾಡಿ ಕೂತಿದ್ದಾರೆ," ಎಂದು ಹೇಳುವಾಗ ಅವರು ಪಪ್ಪನ ಮುಖ ನೋಡಲಿಲ್ಲ. ಮುಂದೆ ಇತಿಹಾಸವನ್ನೇ ಓದಿ ಪದವಿ ಪಡೆದಾಗ ತಿಳಿದುಕೊಂಡೆ: ಮೊದಲ ಮಹಾಯುದ್ಧ ಶುರುವಾದ ಬೇಸಿಗೆಯಲ್ಲಿ ಯೂರೋಪಿನ ಕೆಲವು ಅರಸರೂ ಕೊನೆಯ ಗಳಿಗೆಯಲ್ಲಿ ಹಿಂಜರಿದಿದ್ದರು. ಅಷ್ಟರಲ್ಲಿ ಸೈನ್ಯಗಳನ್ನು ಹೊತ್ತ ರೈಲುಗಳ ವೇಳಾಪಟ್ಟಿ ಸಿದ್ಧವಾಗಿತ್ತು. ಅದನ್ನು ನಿಲ್ಲಿಸಲು ಸಾಧ್ಯವಿಲ್ಲವೆಂದು ಸೇನಾಧಿಕಾರಿಗಳು ಹೇಳಿದರು.

ಮಾರ್ಚಿನಲ್ಲಿ ಅಮ್ಮ ಮತ್ತು ನಾನು ಊರಿಗೆ ಹೋದೆವು. ಊರಿನಲ್ಲಿ ಕೆಲವರು, "ಅವರ ಜೊತೆ ಇದ್ರೆ ಹೀಗೇ ಆಗುದು," ಎಂದರು. ಅಮ್ಮ ಎಷ್ಟು ಬಾರಿ ನಿಜ ಹೇಳಿದರೂ ಅವರಿಗೆ ತಮ್ಮ ಕಾರಣವೇ ಇಷ್ಟವಾಗಿತ್ತು. ನನ್ನನ್ನು ಕನ್ನಡ ಶಾಲೆಗೆ ಸೇರಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿ ಕನ್ನಡ ಅಕ್ಷರ ಕಲಿತವಳು ನಾನು. ಈ ಬರಹದಲ್ಲಿ ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು.

ಈಗ ದುಬೈಗೆ ಮರಳಿ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿವರ್ಷವೂ ಆ ಪಾಠ ಬರುತ್ತದೆ. ಯುದ್ಧದ ಪರಿಣಾಮಗಳನ್ನು ಬರೆಯಿರಿ ಎಂದರೆ ಮಕ್ಕಳು ಸರಿಯಾಗಿಯೇ ಬರೆಯುತ್ತಾರೆ: ಸಾಮ್ರಾಜ್ಯಗಳು ಬಿದ್ದವು, ಅರಬ್ ನಾಡುಗಳ ನಡುವೆ ಹೊಸ ಗಡಿಗಳು ಬಂದವು, ಶಾಂತಿಗಾಗಿ ರಾಷ್ಟ್ರಗಳ ಒಕ್ಕೂಟ ಹುಟ್ಟಿತು, ಇಪ್ಪತ್ತು ವರ್ಷಗಳಲ್ಲಿ ಮತ್ತೊಂದು ಯುದ್ಧ ಬಂತು. ಪೂರ್ಣ ಅಂಕ ಕೊಡುತ್ತೇನೆ. ಕೊಡುವಾಗ ಕೈ ತುಸು ತಡೆಯುತ್ತದೆ.

ನಾವು ಹೋದ ನಂತರ ಪಪ್ಪ ಹದಿನೆಂಟು ವರ್ಷ ಇಲ್ಲಿಯೇ, ಹಲವರಿದ್ದ ಕೋಣೆಯಲ್ಲಿ ಒಂದು ಮಂಚದಷ್ಟೇ ಜಾಗದ ಬೆಡ್‌ಸ್ಪೇಸಿನಲ್ಲಿ ಇದ್ದರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ನಾನು ದೊಡ್ಡವಳಾದುದು, ಪದವಿ ಪಡೆದುದು, ನನಗೆ ಟೈಫಾಯ್ಡ್ ಬಂದುದು, ಎಲ್ಲವೂ ಅವರಿಗೆ ಫೋನಿನಲ್ಲಿ ತಿಳಿದ ಸಂಗತಿಗಳು. ನನ್ನ ಮದುವೆಯ ಫೋಟೋದಲ್ಲಿ ಅವರು ಕರೆಗೆ ಬಂದ ಅತಿಥಿಯಂತೆ ಅಂಚಿನಲ್ಲಿ ನಿಂತಿದ್ದಾರೆ.

ಈಗ ಅವರು ಅಮ್ಮನೊಂದಿಗೆ ಊರಿನಲ್ಲಿ ಆರಾಮವಾಗಿದ್ದಾರೆ. ನಾನು ರಜೆಗೆ ಹೋದಾಗ ತಾವೇ ಎದ್ದು ಚಹಾ ಮಾಡುತ್ತಾರೆ. ಪ್ರತಿ ಸಲವೂ ಡಬ್ಬಿ ಹಿಡಿದು ನಿಂತು ಕೇಳುತ್ತಾರೆ: "ನಿಮಗೆ ಸಕ್ಕರೆ ಎಷ್ಟು ಹಾಕುದು?"

ಮಗಳಿಗೆ ಬಹುವಚನ. ನಾನೂ ಎದ್ದು ನಿಂತು, "ಒಂದೇ ಚಮಚ ಸಾಕು ಪಪ್ಪ, ನಿಮಗೆ ತೊಂದರೆ ಬೇಡ," ಎನ್ನುತ್ತೇನೆ.