ಕೌದಿಯೊಳಗಿನ ಅರಿಶಿನ ಕೊಂಬು

ಮಂದಿಯ ಬದುಕನ್ನು ಕೇಳಿ ಬರೆಯುವ ನಾನು ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಊರು ಬದಲಿಸುತ್ತೇನೆ, ವಯಸ್ಸು ಬದಲಿಸುತ್ತೇನೆ. ಅಷ್ಟಾದರೆ ಮಂದಿಯ ಗುಟ್ಟು ನನ್ನ ಕೈಯಲ್ಲಿ ಭದ್ರ ಅಂತ ಎಷ್ಟೋ ವರ್ಷ ಬೀಗಿದವನು. ಎಂಥಾ ಸೊಕ್ಕು!

ಮನೋಳಿ ಕಡೆಯ ಒಂದು ಕೇರಿಯಲ್ಲಿ ಹಳೇ ಸೀರೆಗಳ ತುಂಡು ಕೂಡಿಸಿ ಹೊದೆಯುವ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಾಳೆ. ಚಿಕ್ಕಂದಿನಲ್ಲೇ ಮನೆಯವರು ಮುತ್ತು ಕಟ್ಟಿಸಿ ಆಕೆಯನ್ನು ದೇವದಾಸಿಯಾಗಿ ದೇವರಿಗೆ ಬಿಟ್ಟಿದ್ದರು. ಮದುವೆ ಆಗಲಿಲ್ಲ, ಉಳಿದದ್ದು ಒಬ್ಬಳು ಮಗಳು. ನಾನು ನಾಲ್ಕು ಸಲ ಹೋದ ಮೇಲೆ ಆಕೆ ಬಾಯಿಬಿಟ್ಟಳು.

"ಬರಕೋರಿ ಯಪ್ಪಾ. ಆದ್ರ ನನ್ನ ಗುರುತು ಹತ್ತಬಾರದು ನೋಡ್ರಿ. ಮಗಳನ್ನ ಯರಗಟ್ಟಿಗೆ ಕೊಟ್ಟೇನಿ. ಅಪ್ಪ ಸತ್ತಾನಂತ ಆಕಿಗೂ ಹೇಳೇನಿ, ಬೀಗರಿಗೂ ಹೇಳೇನಿ."

ಆಣೆ ಮಾಡಿದೆ.

ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆ ಮುಚ್ಚುವಾಗ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾರೆ. ಈಕೆ ಮಾತ್ರ ಅರಿಶಿನ ಕೊಂಬು ಇಡುತ್ತಿದ್ದಳು. "ನನ್ನ ಮೈಗೆ ಮದವಿ ಅರಿಷಿಣ ಹತ್ತಲಿಲ್ಲ, ಹೊದ್ದವರಿಗರ ಹತ್ತಲಿ" ಅಂದಳು. ನನ್ನ ಕಣ್ಣು ತುಂಬಿತು. ಕೈ ಮಾತ್ರ ಬರೆದುಕೊಳ್ಳುತ್ತಲೇ ಇತ್ತು. ಹೆಸರು ಬಿಟ್ಟೆ, ಊರು ಬಿಟ್ಟೆ. ಕೊಂಬನ್ನು ಬಿಡಲು ಮನಸ್ಸಾಗಲಿಲ್ಲ. ಅಷ್ಟು ಚೆಂದದ ಮಾತನ್ನು ಯಾವ ಬರಹಗಾರ ಬಿಡುತ್ತಾನೆ ಹೇಳಿ!

ಪುಸ್ತಕ ಬಂದು ತಿಂಗಳೂ ಆಗಿರಲಿಲ್ಲ. ಸವದತ್ತಿಯ ಒಂದು ಸಭೆಯಲ್ಲಿ ಯಾರೋ ಆ ಪುಟವನ್ನೇ ಓದಿದರು, ಅದು ಮೊಬೈಲಿನಲ್ಲಿ ಹರಿದಾಡಿತು. ಮೂಲೆ ಮುಟ್ಟಿದರೆ ಕೊಂಬು ಕೈಗೆ ಸಿಗುವ ಕೌದಿಗಳು ಸುತ್ತಲಿನ ಎಷ್ಟೋ ಮನೆಗಳಲ್ಲಿದ್ದವು. ಹೊಲಿದವಳು ಯಾರೆಂದು ಯಾರೂ ಕೇಳಬೇಕಾಗಲಿಲ್ಲ.

ಮಗಳ ಕಾಲು ಹಿಡಿಯಬೇಕೆಂದು ಯರಗಟ್ಟಿಗೆ ಹೋದೆ. ಮುಖದ ಮೇಲೆ ಬಾಗಿಲು ಹಾಕುತ್ತಾಳೆ ಅಂದುಕೊಂಡರೆ ಆಕೆ ಕೂರಿಸಿ ನೀರು ಕೊಟ್ಟಳು. ಅತ್ತೆಯೂ ಬಂದು ಕುಳಿತರು.

"ಇಕಿನ್ನ ತವರಿಗೆ ಕಳಿಸಿ ಬಿಡ್ತೀರೇನ್ರಿ?" ಅಂತ ಅತ್ತೆಯನ್ನು ಕೇಳಿದೆ.

"ಯಾಕ ಕಳಸೂಣ್ರಿ? ಹೆಣ್ಣ ನೋಡಾಕ ಹೋದಾಗಿಂದ ನಮಗ ಗೊತ್ತೈತಿ."

"ನನಗೂ ಸಣ್ಣಾಕಿದ್ದಾಗಿಂದ ಗೊತ್ತೈತ್ರಿ," ಮಗಳು ಅಂದಳು. "ಗೊತ್ತಿಲ್ಲದವರಂಗ ಇದ್ವಿ. ಅವ್ವ ಹಬ್ಬಕ್ಕ ಬರ್ತಿದ್ಲು, ತಲಿ ಎತ್ತಿ ಕುಂತು ಉಣ್ತಿದ್ಲು. ಈಗ ಕರಿಯಾಕ ಹೋದ್ರ ಒಳಗ ಚಿಲಕ ಹಾಕ್ಕೊಂತಾಳ. ನೀವ ಕೆಡಿಸೀರಿ, ನೀವ ಹೋಗಿ ಕರಕೊಂಡ ಬರ್ರಿ."

ಅಲ್ಲಿಂದಲೇ ಮುದುಕಿಯ ಮನೆಗೆ ಹೋದೆ. ಮಗಳ ಮನೆಯಿಂದ ಬಂದೇನಿ ಅಂದರೂ ಬಾಗಿಲು ತೆಗೆಯಲಿಲ್ಲ. "ಅಲ್ಲೇ ನಿಂತು ಹೇಳ್ರಿ, ಕೇಳಸ್ತೈತಿ" ಅಂದಳು.

ಅವರಿಗೆಲ್ಲ ಮೊದಲೇ ಗೊತ್ತಿತ್ತು ಅಂತ ಹೇಳಿದರೆ, ಆಕೆ ತಲೆ ಎತ್ತಿ ಉಂಡ ಊಟಗಳನ್ನೂ ನಾನೇ ಕಿತ್ತುಕೊಂಡಂತೆ. ಹೇಳದಿದ್ದರೆ ಆಕೆ ಮಗಳ ಮನೆಯ ಹೊಸ್ತಿಲು ಇನ್ನೊಮ್ಮೆ ತುಳಿಯುವುದಿಲ್ಲ.

"ಹೇಳ್ರಿ ಯಪ್ಪಾ," ಒಳಗಿಂದ ಮತ್ತೆ ಕೇಳಿದಳು. "ಮಗಳು ಏನಂದ್ಲು?"