ಕೊಂಡಿ ಇಲ್ಲದ ಹೊಟ್ಟೆ

ನೀರಿನ ಚರಗಿ ಹಿಡಿದು ಹಳ್ಳದ ಕಡೆ ಹೊರಟವನನ್ನು ನಮ್ಮ ಗಜೇಂದ್ರಗಡದಲ್ಲಿ ಯಾರೂ ಮಾತಾಡಿಸುವುದಿಲ್ಲ. ಅದು ಮರ್ಯಾದೆ. ಈ ಮರ್ಯಾದೆಯ ದೆಸೆಯಿಂದ ಊರು ನನ್ನ ಸಂಗಡ ವರ್ಷಗಟ್ಟಲೆ ಮಾತು ಬಿಟ್ಟಿತ್ತು. ಚರಗಿ ಇಲ್ಲದೆ ನಾನು ಕಂಡದ್ದೇ ಅಪರೂಪ. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಲಾಳಿ ಆಡಿಸುವಷ್ಟರಲ್ಲಿ ಹೊಟ್ಟೆ ಕರೆಯುತ್ತಿತ್ತು. ರಕ್ತವೂ ಹೋಗುತ್ತಿತ್ತು. ಮಜ್ಜಿಗೆ, ದಾಳಿಂಬೆ ಸಿಪ್ಪೆ, ಹರಕೆ, ಯಾವುದಕ್ಕೂ ಹೊಟ್ಟೆ ಸೊಪ್ಪು ಹಾಕಲಿಲ್ಲ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಡಾಕ್ಟರು ನೋಡಿ, ದೊಡ್ಡ ಕರುಳಿನ ತುಂಬ ಹುಣ್ಣಾಗಿದೆ, ಅದನ್ನು ಕತ್ತರಿಸಿ ತೆಗೆಯದಿದ್ದರೆ ಜೀವಕ್ಕೆ ಕುತ್ತು ಎಂದರು. ತೆಗೆದರೂ ಖಾತರಿ ಕೊಡಲಿಲ್ಲ. ಯೋಚಿಸಿ ಬರುತ್ತೇನೆಂದು ಊರಿಗೆ ಬಂದರೆ, ಕನ್ನಡ ನಾಡು ಒಂದಾಯಿತೆಂದು ಪೇಢೆ ಹಂಚುತ್ತಿದ್ದರು. ನಾಡನ್ನೇ ಕೂಡಿಸುವ ಕಾಲದಲ್ಲಿ ನನ್ನೊಬ್ಬನನ್ನು ಕತ್ತರಿಸುವುದು ಯಾವ ನ್ಯಾಯ? ಎರಡನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇಷ್ಟು ತರ್ಕ ಸಾಕು. ಆಪರೇಶನ್ ಮುಂದೂಡಿದೆ.

ಅಷ್ಟರಲ್ಲಿ ಮಗಳು ಹಡೆದಳು. ಬೇಸನ್ ಉಂಡೆಯಂಥ ಮೊಮ್ಮಗಳು. ಆಕೆಯ ಮೂಗಿನ ಬಗ್ಗೆಯೇ ಬರೆದರೂ ಈ ಕಾಗದ ಸಾಲದು. ತೊಟ್ಟಿಲು ಹಾಕುವ ದಿನ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳಲು ಅದರ ಸೋದರತ್ತೆ ಬಗ್ಗಿದಳು. ಹೆಸರು ಅರ್ಧ ಆಗಿರಲಿಲ್ಲ, ಕೂಸನ್ನು ಬೀಗರ ಮಡಿಲಿಗೆ ಹಾಕಿ ಚರಗಿ ಹಿಡಿದು ಓಡಿದೆ. ತಿರುಗಿ ಬಂದಾಗ ಅದು ಬೀಗರ ತೊಡೆಯ ಮೇಲೆ ನಿದ್ದೆ ಹೋಗಿತ್ತು, ಬೀಗರು ಮೀಸೆ ತಿರುವುತ್ತಿದ್ದರು. ಹುಣ್ಣಿಗಿಂತ ಅದು ಹೆಚ್ಚು ಉರಿಯಿತು. ಕತ್ತರಿಸಲಿ ಎಂದುಬಿಟ್ಟೆ.

ನೇಕಾರನಿಗೆ ಕತ್ತರಿಯ ಭಯವಿಲ್ಲ, ಕೂಡಿಸುವುದರ ಚಿಂತೆ. ನಮ್ಮ ಸೀರೆಯಲ್ಲಿ ಮೈಯ ಹಾಸಿನೆಳೆ ಬೇರೆ, ಸೆರಗಿನ ಹಾಸಿನೆಳೆ ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ. ಪಾಪ, ಡಾಕ್ಟರಿಗೆ ಇದು ತಿಳಿದಿರಲಿಕ್ಕಿಲ್ಲವೆಂದು, ಕೊಂಡಿ ಹಾಕುವುದರಲ್ಲಿ ಓಣಿಗೇ ಹೆಸರಾದ ಮುದುಕಿ ಶಂಕ್ರವ್ವನನ್ನು ಸಂಗಡ ಕರೆದುಕೊಂಡು ಹೋದೆ. ರೋಣ ದಾಟಿ, ನರಗುಂದ ದಾಟಿ, ಬಸ್ಸು ನನ್ನ ಸಲುವಾಗಿ ನಿಂತಲ್ಲೆಲ್ಲ ಆಕೆ ಎಲೆ ಅಡಿಕೆ ಹಾಕಿಕೊಂಡಳು.

ಡಾಕ್ಟರ ಮೇಜಿನ ಮೇಲೆ ತನ್ನ ಸೆರಗು ಹರವಿ ಶಂಕ್ರವ್ವ ಕೇಳಿದಳು: "ಕತ್ತರಿಸಿದ ಮ್ಯಾಲೆ ಹಿಂಗ ಕೂಡಸ್ತೀರೇನ್ರಿ ಸಾಹೇಬ್ರ?"

"ಕೂಡಸೂದಿಲ್ಲವ್ವಾ. ಸಣ್ಣ ಕರಳಿನ ತುದಿ ಹೊಟ್ಟಿ ಮ್ಯಾಲೆ ಹೊರಗ ತಗದು, ಹೊಲಸು ಬೀಳಾಕ ಅಲ್ಲೇ ರಬ್ಬರ್ ಚೀಲ ಕಟ್ಟತೀನಿ. ಆಮ್ಯಾಲೆ ಇವರು ಓಡೂದು ತಪ್ಪತೈತಿ."

ಆಕೆ ನನ್ನ ಹೊಟ್ಟೆಯನ್ನು ಭಾಳ ಹೊತ್ತು ನೋಡಿದಳು. "ಹಂಗಾರ ಇಂವಾ ಸೀರಿ ಅಲ್ರಿ, ಟಾವೆಲ್. ಟಾವೆಲಿಗೆ ಕೊಂಡಿ ಯಾಕ? ತುದಿ ಹೊರಗ ಬಿಟ್ಟರ ನಡೀತೈತಿ. ಕತ್ತರಸ್ರಿ."

ಡಾಕ್ಟರು ನಗದೆ ಗೋಣು ಹಾಕಿದರು. ನಾನು ಟಾವೆಲ್ ಆಗಿ ಒಳಗೆ ಹೋದೆ.

ಚೀಲದ ಕಾಟ ಇಲ್ಲವೆಂದಲ್ಲ. ಆದರೆ ಚರಗಿ ಹಿತ್ತಲಲ್ಲಿ ಬೋರಲು ಬಿದ್ದಿದೆ, ಊರು ಇಷ್ಟು ವರ್ಷದ ಮಾತನ್ನೆಲ್ಲ ಈಗ ಆಡುತ್ತಿದೆ, ನೇಯಲು ಬಿಡುತ್ತಿಲ್ಲ. ಮೊನ್ನೆ ಬೀಗರು ಬಂದಿದ್ದರು. ಕೂಸು ನನ್ನ ತೊಡೆಯ ಮೇಲಿತ್ತು. ಅವರು ಕೈ ಚಾಚಿ ಕೂತೇ ಇದ್ದರು, ನಾನು ಏಳಲೇ ಇಲ್ಲ. ಕೊನೆಗೆ ಕೂಸು ನನ್ನ ಧೋತರ ತೋಯಿಸಿತು. ಮನೆಯವರೆಲ್ಲ ಜಾಣೆ, ಬಂಗಾರ ಎಂದು ಅದನ್ನು ಮುದ್ದಿಸಿದರು. ನನಗೆ ಇಷ್ಟು ವರ್ಷ ಯಾರೂ ಹಾಗೆ ಅಂದಿರಲಿಲ್ಲ. ಹೋಗಲಿ ಬಿಡಿ. ಒದ್ದೆಯಾದ ಕೂಸಿಗೆ ಸೀರೆ ಯಾತಕ್ಕೆ, ಟಾವೆಲ್ಲೇ ಬೇಕು.