ದಾರಿಗೆ ಮಾತು ಕೊಟ್ಟ ಗ್ರೇಸಿಕುಟ್ಟಿ ಟೀಚರ್

ಕೇರಳದ ಕುಟ್ಟನಾಡಿನ ಬೋಟ್ ಜೆಟ್ಟಿಯಲ್ಲಿ ಇನ್ನೂ ನಸುಕು. ಹಾಲಿನ ಕ್ಯಾನು, ಮೀನಿನ ಬುಟ್ಟಿಗಳ ನಡುವೆ ನಿಂತು ಗ್ರೇಸಿಕುಟ್ಟಿ ಟೀಚರ್ ಹಾಡುತ್ತಿದ್ದಾರೆ. ಪಕ್ಕದಲ್ಲಿ ಹದಿಮೂರರ ಆರ್ದ್ರಾ ದನಿಗೂಡಿಸುತ್ತಿದ್ದಾಳೆ. ಧಾಟಿ ದೋಣಿಪಂದ್ಯದ್ದು, ಮಾತು ಇವರದೇ: "ಇಗರ್ಜಿ ದಾಟಿತು, ಸೇತುವೆ ಬಂತು, ಸೇತುವೆ ಆದ್ಮೇಲೆ ಇಳಿಯೋ ಜೆಟ್ಟಿ." ಬೋಟಿಗೆ ಕಾದವರೂ ಹುಟ್ಟು ಹಾಕುವವರ ಹಾಗೆ ಪಲ್ಲವಿ ಎತ್ತುತ್ತಾರೆ.

"ಈ ಸಲ ಕಪ್ ನಿಮ್ಮ ದೋಣಿಗೇ ಬಿಡಿ ಟೀಚರೇ," ಎಂದು ಮೀನಿನ ಹೆಂಗಸು ರೇಗಿಸುತ್ತಾಳೆ.

"ಕಪ್ ನೀನೇ ಇಟ್ಕೊಳೇ. ಇವಳು ಸರಿಯಾದ ಜೆಟ್ಟೀಲಿ ಇಳಿದ್ರೆ ನನಗಷ್ಟೇ ಸಾಕು."

ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗಾಗಿ ಹಿನ್ನೀರಿನ ಶಾಲೆಯಿಂದ ಶಾಲೆಗೆ ತಿರುಗುವುದು ಟೀಚರ್ ಕೆಲಸ. ಕಾಯಂ ನೌಕರಿಯಲ್ಲ, ವರ್ಷ ವರ್ಷವೂ ಗುತ್ತಿಗೆ. ಶಾಲೆಗಳಲ್ಲಿ ಇವರಿಗೆಂದು ಒಂದು ಕುರ್ಚಿಯೂ ಇಲ್ಲ. ಸ್ಟಾಫ್ ರೂಮಿನ ಮೂಲೆಯ ಬೆಂಚಿನಲ್ಲೇ ಪಾಠ, ಅಲ್ಲೇ ಊಟ.

ಆರ್ದ್ರಾ ವಕೀಲರ ಹಾಗೆ ಮಾತಾಡುತ್ತಾಳೆ, ಪೇಪರನ್ನು ಗಡಗಡ ಓದುತ್ತಾಳೆ. ಆದರೆ ಓದಿದ ಶಾಲೆಯಲ್ಲೇ ದಾರಿ ತಪ್ಪುತ್ತಾಳೆ. ಕೂಡುವ ಲೆಕ್ಕದಲ್ಲಿ ಅಂಕಿಗಳು ಸಾಲು ಬಿಟ್ಟು ಜಾರುತ್ತವೆ. ಎದುರಿನವರ ಮುಖ ಗಂಟಿಕ್ಕಿದ್ದು ತಿಳಿಯುವುದಿಲ್ಲ. ವೈದ್ಯರು ಇದನ್ನು ಮಾತಿಗೆ ಸಂಬಂಧಿಸದ ಕಲಿಕೆಯ ತೊಡಕು ಎನ್ನುತ್ತಾರೆ. ಮಾತು ಚೆನ್ನಾಗಿದೆ ಎಂಬುದೇ ಇಂಥ ಮಕ್ಕಳಿಗೆ ಮುಳುವು. "ಬಾಯಿ ಇಷ್ಟು ಜೋರಿರೋಳಿಗೆ ಏನು ತೊಂದ್ರೆ ಟೀಚರೇ? ಬರೀ ಸೋಗು," ಎಂದು ಸಹೋದ್ಯೋಗಿಗಳು ಇವರ ಎದುರೇ ಅಂದದ್ದುಂಟು.

ಮೊದಲು ಟೀಚರೂ ಎಡವಿದ್ದರು. ಇವರ ಕಸುಬಿನಲ್ಲಿ, ಮಗುವಿಗೆ ಅರ್ಥವಾಗದಿದ್ದರೆ ಚಿತ್ರ ತೋರಿಸುವುದು ರೂಢಿ. ರಾತ್ರಿಯೆಲ್ಲ ಕೂತು ಬಣ್ಣದ ಚಿತ್ರ ಬರೆದರು, ದಾರಿಯ ನಕ್ಷೆ ಮಾಡಿದರು. ಹುಡುಗಿ ಅದನ್ನು ಕಂಡರೆ ಅಳುತ್ತಿದ್ದಳು. "ಕೊನೆಗೆ ಅವಳೇ ಬಾಯಿಬಿಟ್ಟಳು. 'ಟೀಚರೇ, ಚಿತ್ರ ನೋಡಿದ್ರೆ ತಲೆ ಗಿರ್ ಅನ್ನುತ್ತೆ, ಕತೆ ಥರ ಹೇಳಿ' ಅಂತ. ಕಪಾಳಕ್ಕೆ ಹೊಡೆದ ಹಾಗಾಯ್ತು. ಕಿವಿ ತೆರೆದಿರೋ ಮಗೂಗೆ ನಾನು ಇಷ್ಟು ದಿನ ಕಣ್ಣಲ್ಲಿ ಉಣಿಸ್ತಿದ್ದೆ!" ಎನ್ನುತ್ತಾರೆ ಟೀಚರ್.

ಅಂದಿನಿಂದ ಎಲ್ಲವೂ ಮಾತು. ಲೆಕ್ಕ ಚೌಕುಳಿ ಹಾಳೆಯ ಮೇಲೆ, ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳಿಕೊಂಡು. ದಾರಿ ಹಾಡಿನಲ್ಲಿ.

ಜೂನಿನಿಂದ ಹೈಸ್ಕೂಲು, ಅದಿರುವುದು ಆಚೆ ದಡದಲ್ಲಿ. ತಾಯಿ ಅಜಿತಾ ಸಿಗಡಿ ಸುಲಿಯುವ ಶೆಡ್ಡಿಗೆ ಹೋದರೇನೇ ಮನೆಯಲ್ಲಿ ಒಲೆ ಉರಿಯುವುದು. ಮಗಳು ಒಬ್ಬಳೇ ಹೋಗಲಾರಳು ಎಂದಾದರೆ ತಾಯಿ ಕೆಲಸ ಬಿಡಬೇಕು, ಇಲ್ಲವೇ ಮಗಳು ಓದು ಬಿಡಬೇಕು. ಅವಳು ಒಬ್ಬಳೇ ಹೋಗಬಲ್ಲಳೇ ಎಂಬುದಕ್ಕೆ ಇವತ್ತು ಪರೀಕ್ಷೆ. ಆರ್ದ್ರಾಳನ್ನು ಬೋಟು ಹತ್ತಿಸಿದ ಟೀಚರ್, ಅಡ್ಡಗಾಲುವೆಯ ಸಣ್ಣ ದೋಣಿ ಹಿಡಿದು ಮೊದಲೇ ಆಚೆ ಜೆಟ್ಟಿ ತಲುಪಿ ಕಾಯುತ್ತಾರೆ.

ಬೋಟು ಬರುತ್ತದೆ. ಆದರೆ ನಿಲ್ಲುವುದಿಲ್ಲ. ರಾತ್ರಿ ತೇಲಿಬಂದ ನೀರುಕಳೆ ಜೆಟ್ಟಿಯನ್ನೇ ಮುಚ್ಚಿದೆ. ಮುಂದಿನ ಅಕ್ಕಿ ಗಿರಣಿಯ ದಡಕ್ಕೆ ಬೋಟು ತಿರುಗುವುದನ್ನು ಕಂಡ ಟೀಚರ್ ಸೀರೆ ಎತ್ತಿಕಟ್ಟಿ ಗದ್ದೆಯ ಬದುವಿನ ಮೇಲೆ ಓಡುತ್ತಾರೆ.

ಅರ್ಧ ದಾರಿಯಲ್ಲಿ ಆರ್ದ್ರಾ ಎದುರಾಗುತ್ತಾಳೆ, ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತ.

"ಆ ಜಾಗ ಹಾಡಲ್ಲಿ ಇರ್ಲಿಲ್ಲ ಟೀಚರೇ. ಭಯ ಆಯ್ತು. ಕಂಡಕ್ಟರ್ ಅಣ್ಣನ್ನ ಕೇಳ್ದೆ. ಅವರು 'ಅಗೋ, ಆ ಕಡೆ' ಅಂತ ಕೈ ತೋರಿಸಿದ್ರು. ಕೈ ಬೇಡ ಚೇಟ್ಟಾ, ನನಗದು ತಿಳಿಯೋದಿಲ್ಲ, ಬಾಯಲ್ಲಿ ಹೇಳಿ ಅಂದೆ. ಹೇಳಿದ್ರು, ಬಂದೆ."

ಟೀಚರ್ ಅಲ್ಲೇ ಬದುವಿನ ಮೇಲೆ ಕೂತು ಅಜಿತಾಗೆ ಫೋನ್ ಮಾಡುತ್ತಾರೆ. "ಶೆಡ್ಡಿನ ಕೆಲಸ ಬಿಡಬೇಡ ಮಗಳೇ." ಆ ಕಡೆಯಿಂದ ಬರೀ ಅಳು ಕೇಳಿಸುತ್ತದೆ.

ನಿಮಗೆ ಹೆಮ್ಮೆ ಅಲ್ಲವೇ ಎಂದರೆ ಟೀಚರ್ ಕಾಲಿನ ಕೆಸರು ಒರೆಸಿಕೊಳ್ಳುತ್ತಾರೆ.

"ಹಾಡು ನಾನು ಕಲಿಸಿದ್ದು, ಅದು ಇವತ್ತು ಕೈಕೊಡ್ತು. 'ನನಗದು ತಿಳಿಯೋದಿಲ್ಲ, ಬಾಯಲ್ಲಿ ಹೇಳಿ' ಅಂತ ಕೇಳೋದನ್ನ ನಾನು ಕಲಿಸಿರ್ಲಿಲ್ಲ. ಅದು ಪೂರಾ ಅವಳದ್ದು."